ಎರಡೂವರೆ ನಿಮಿಷ

ಮಲಪ್ರಭೆಯ ದಂಡೆಯ ಮೇಲೆ ಚಿಕ್ಕಯ್ಯಜ್ಜನ ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡ ಮಾತಾಯಿತು. ಎರಡು ಕೋಣೆ, ಒಂದು ಬೇವಿನ ಗಿಡ, ನದಿಗೆ ಇಳಿಯುವ ಸವೆದ ಮೆಟ್ಟಿಲು. ಅಷ್ಟೇ.

ಅಜ್ಜ ಪ್ರವಚನ ಹೇಳುವವರಲ್ಲ. ಯಾರಾದರೂ ಉದ್ದಕ್ಕೆ ಕಾಲಿಗೆ ಬಿದ್ದರೆ, "ಏಳೋ, ಅಂಗಿ ಹೊಲಸಾಗತೈತಿ" ಅನ್ನುವವರು. ಜ್ಞಾನ ಬೇಕೆಂದು ದೂರದಿಂದ ಬಂದವರು ಎರಡು ದಿನ ಇದ್ದು, ಇಲ್ಲಿ ಏನೂ ಇಲ್ಲವೆಂದು ಹೊರಟುಹೋಗುತ್ತಿದ್ದರು. ಅಜ್ಜನಿಗೂ ಅದು ಸಮಾಧಾನವೇ.

ಆಶ್ರಮದ ಮುಂದಿನಿಂದ ಕಾಲುವೆ ದಂಡೆಯ ರಸ್ತೆ ಹೊರಡುತ್ತಿತ್ತು. ಗಾಡಿಗಳ ಕಾಟವಿಲ್ಲದ ರಸ್ತೆ. ಪಕ್ಕದ ಊರಿನ ಓಟದ ಹುಚ್ಚಿನವರು ನಸುಕಿನಲ್ಲಿ ಅಲ್ಲಿಗೆ ಬರುತ್ತಿದ್ದರು. ಔಷಧ ಅಂಗಡಿಯವನೊಬ್ಬ, ನರ್ಸ್ ಒಬ್ಬಳು, ಕಾಲೇಜಿನ ಲೆಕ್ಚರರ್ ಒಬ್ಬ, ಹೀಗೆ ನಾಲ್ಕೈದು ಜನ. ಬೇವಿನ ಗಿಡದ ಬುಡದಲ್ಲಿ ಚಪ್ಪಲಿ ಬಿಟ್ಟು, ಬೂಟು ಕಟ್ಟಿಕೊಂಡು ಓಡುತ್ತಿದ್ದರು. ಅವರು ಹೊಳ್ಳಿ ಬರುವಷ್ಟರಲ್ಲಿ ಅಜ್ಜ ಮಣ್ಣಿನ ಹರವಿಗೆ ನೀರು ತುಂಬಿಡುತ್ತಿದ್ದರು.

ಅವರಲ್ಲಿ ಅಡಿವೆಪ್ಪ ಒಬ್ಬ. ಸಕ್ಕರೆ ಫ್ಯಾಕ್ಟರಿಯಲ್ಲಿ ಫಿಟ್ಟರ್. ವಯಸ್ಸು ಐವತ್ತರ ಹತ್ತಿರ. ಮೈಯಲ್ಲಿ ಹಿಡಿದರೆ ಹಿಡಿ ಮಾಂಸವಿಲ್ಲ.

"ಎಲ್ಲಿಗೆ ಓಡ್ತಿ?" ಎಂದು ಅಜ್ಜ ಮೊದಲ ದಿನ ಕೇಳಿದ್ದರು.

"ಎಲ್ಲಿಗೂ ಇಲ್ರಿ ಅಜ್ಜಾರ. ಹೋಗಿ ಹೊಳ್ಳಿ ಇಲ್ಲಿಗೇ ಬರ್ತೀನಿ."

"ಹಂಗಾದ್ರ ಅಡ್ಡಿ ಇಲ್ಲ."

ಅಂದಿನಿಂದ ಇವರು ಗುರು, ಅವನು ಶಿಷ್ಯ. ದೀಕ್ಷೆ ಅಂತ ಬೇರೆ ಏನೂ ನಡೆಯಲಿಲ್ಲ.

ಉಳಿದವರು ಆರೋಗ್ಯಕ್ಕಾಗಿ ಓಡುತ್ತಿದ್ದರು. ಅಡಿವೆಪ್ಪ ಓಡುತ್ತಿದ್ದುದು ಬೇರೆ ಕಾರಣಕ್ಕೆ. ಒಂದು ದಿನ ಎಲ್ಲರೂ ಹೋದ ಮೇಲೆ ಅದನ್ನು ಅಜ್ಜನಿಗೆ ಹೇಳಿದ.

"ಸಮುದ್ರದ ಆಚಿಗೆ ಒಂದು ದೊಡ್ಡ ಮ್ಯಾರಥಾನ್ ಐತ್ರಿ. ಭಾಳ ಹಳೇದು, ಭಾಳ ಹೆಸರಾದದ್ದು. ಅಲ್ಲಿ ಒಮ್ಮೆ ಓಡಬೇಕ್ರಿ."

"ಹೋಗಿ ಓಡು."

"ಹಂಗ ಬಿಡಂಗಿಲ್ರಿ. ಮೊದಲ ಬ್ಯಾರೆ ಕಡೆ ನಲವತ್ತೆರಡು ಕಿಲೋಮೀಟರ್ ಓಡಿ ತೋರಿಸಬೇಕು. ನಿನ್ನ ವಯಸ್ಸಿಗೆ ಇಂತಿಷ್ಟ ಹೊತ್ತು ಅಂತ ಒಂದು ಗೆರಿ ಎಳದಿರ್ತಾರ. ಅದರೊಳಗ ಬಂದವರಷ್ಟ ಅರ್ಜಿ ಹಾಕಬೇಕು."

"ಒಳಗ ಬಂದವರಿಗೆಲ್ಲಾ ಜಾಗ ಐತೇನು?"

"ಇಲ್ರಿ. ಅರ್ಜಿ ಹೆಚ್ಚಾದ್ರ ಗೆರಿ ಇನ್ನೂ ಒಳಗ ಸರಸ್ತಾರ. ಎಷ್ಟು ಸರಸ್ತಾರ ಅನ್ನೋದು ಕಡೀತನಕ ಯಾರಿಗೂ ಗೊತ್ತಿಲ್ಲ. ಅದಕ್ಕ ಒಂದೆರಡು ನಿಮಿಷ ಮುಂಚೇನ ಬಂದಿರಬೇಕ್ರಿ."

"ಅಲ್ಲಿ ಓಡಿದ್ರ ಏನ್ ಕೊಡ್ತಾರ?"

"ಪದಕಾ ಕೊಡ್ತಾರ್ರಿ."

"ನಿನ್ನ ಹತ್ರ ಪದಕಾ ಇಲ್ಲೇನು?"

"ಮನ್ಯಾಗ ಒಂದು ಚೀಲ ಅದಾವ್ರಿ."

ಅಜ್ಜ ಅವನ ಮುಖ ನೋಡಿದರು. ಅಡಿವೆಪ್ಪ ಬೂಟಿನ ದಾರ ಬಿಚ್ಚಿದ.

"ಅಜ್ಜಾರ, ನಾ ಫ್ಯಾಕ್ಟರಿ ಸೇರಿ ಇಪ್ಪತ್ತೈದು ವರ್ಷ ಆತು. ನನ್ನ ಹಿಂದ ಬಂದವರು ಫೋರ್‌ಮನ್ ಆದ್ರು. ಅವರಿಗೆ ವಶೀಲಿ ಇತ್ತು. ನನಗ ಹೇಳವರು ಕೇಳವರು ಯಾರೂ ಇಲ್ಲ. ಈ ಓಟಕ್ಕ ವಶೀಲಿ ನಡ್ಯಂಗಿಲ್ರಿ. ನೀ ಯಾರ ಮಗ, ಯಾರ ಪೈಕಿ ಅಂತ ಕೇಳಂಗಿಲ್ಲ. ಕಾಲು ಹೇಳಿದ್ದ ಖರೆ. ಒಮ್ಮೆ, ಒಂದ ಸಲ, ಇವ ಬರ್ಲಿ ಅಂತ ನನ್ನ ಯಾರರ ಆರಿಸಬೇಕ್ರಿ."

ಅಜ್ಜ ನಗಲಿಲ್ಲ. ಹರವಿಯಿಂದ ಇನ್ನೊಂದು ಚರಿಗೆ ನೀರು ತೆಗೆದುಕೊಟ್ಟರು.

ಅಡಿವೆಪ್ಪ ಏಳು ವರ್ಷ ಓಡಿದ. ಒಂದು ವರ್ಷ ಶುರುವಿನಲ್ಲೇ ಜೋರು ಮಾಡಿ, ಕೊನೆಗೆ ನಡೆದುಕೊಂಡು ಬಂದ. ಒಂದು ವರ್ಷ ಓಟದ ದಿನವೇ ಹೊಸ ಬೂಟು ಹಾಕಿ ಹೆಬ್ಬೆರಳ ಉಗುರು ಕಳೆದುಕೊಂಡ. ಇನ್ನೊಂದು ವರ್ಷ, ಮೈಗೆ ವಿಶ್ರಾಂತಿ ಕೊಡಬೇಕಾದ ಕೊನೆಯ ವಾರದಲ್ಲಿ ಮನಸ್ಸು ತಡೆಯದೆ ಕದ್ದು ಓಡಿ ಮೀನಖಂಡ ಹಿಡಿಸಿಕೊಂಡ. ಓಟದವರು ಮಾತ್ರ ಮಾಡುವ ತಪ್ಪುಗಳನ್ನೆಲ್ಲ ಒಂದೊಂದಾಗಿ ಮಾಡಿ ಮುಗಿಸಿದ.

ಎಂಟನೆಯ ವರ್ಷಕ್ಕೆ ಮಾಡಲು ತಪ್ಪುಗಳು ಉಳಿದಿರಲಿಲ್ಲ.

ಆ ಸಲದ ಓಟ ಹೊರರಾಜ್ಯದ, ಸಮುದ್ರ ತೀರದ ಒಂದು ಊರಿನಲ್ಲಿ. ಅರ್ಧ ದಾರಿ ಮುಗಿದಾಗ ಅವನ ಮುಂದೆ ಒಬ್ಬ ಮನುಷ್ಯ ಓಡುತ್ತಿದ್ದ. ಅವನ ಅಂಗಿಯ ಬೆನ್ನ ಮೇಲೆ 'ಗದಗ ಓಟಗಾರರ ಬಳಗ' ಎಂದು ಕನ್ನಡದಲ್ಲಿ ಬರೆದಿತ್ತು. ಅಷ್ಟು ದೂರದಲ್ಲಿ ನಮ್ಮ ಅಕ್ಷರ ಕಂಡು ಅಡಿವೆಪ್ಪನಿಗೆ ಹಿಗ್ಗಾಯಿತು. ಆ ಬೆನ್ನನ್ನೇ ಹಿಡಿದುಕೊಂಡು ಓಡಿದ. ಮಾತಿಲ್ಲ, ಮುಖ ನೋಡಿದ್ದಿಲ್ಲ. ಆದರೂ ಓಟದಲ್ಲಿ ಹೀಗೆ ಒಬ್ಬರ ಬೆನ್ನು ಇನ್ನೊಬ್ಬರಿಗೆ ಆಸರೆಯಾಗುತ್ತದೆ.

ಮುಗಿಯಲು ಐದು ಕಿಲೋಮೀಟರ್ ಉಳಿದಿತ್ತು. ಬಿಸಿಲು ಏರಿತ್ತು. ಆ ಬೆನ್ನು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಆಮೇಲೆ ರಸ್ತೆಗೆ ಬಿತ್ತು.

ಜನ ಅವನನ್ನು ಬಳಸಿಕೊಂಡು ಓಡಿದರು. ಅವರನ್ನು ಬೈಯುವಂತಿಲ್ಲ. ಅಷ್ಟು ದೂರ ಓಡಿ ಬಂದವನ ಕಣ್ಣಿಗೆ ಮುಂದಿನ ರಸ್ತೆಯೊಂದು ಬಿಟ್ಟು ಬೇರೆ ಏನೂ ಕಾಣುವುದಿಲ್ಲ.

ಅಡಿವೆಪ್ಪ ನಿಂತ. ತೋಳು ಹಿಡಿದು ಅವನನ್ನು ರಸ್ತೆಯ ಬದಿಯ ನೆರಳಿಗೆ ಎಳೆದ. ಆ ಮನುಷ್ಯ "ಬಿಡು, ಬಿಡು" ಎಂದು ತೊದಲುತ್ತಿದ್ದ. ಮೈ ಕೆಂಡದ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ತನ್ನ ಹತ್ತಿರ ಇದ್ದ ನೀರನ್ನೆಲ್ಲ ಅವನ ತಲೆಗೆ ಸುರಿದ. ಅಂಗಾಲು ತಿಕ್ಕಿದ. ಗಂಟಲು ಹರಿಯುವ ಹಾಗೆ ಕೂಗಿ ಜನ ಕರೆದ. ಸ್ಟ್ರೆಚರಿನವರು ಬಂದು ಹೊತ್ತುಕೊಂಡು ಹೋದ ಮೇಲೆ ಮತ್ತೆ ಓಡಿದ.

ಆದರೂ ಗೆರೆಯ ಒಳಗೇ ಬಂದ. ಗೊತ್ತುಪಡಿಸಿದ ಸಮಯಕ್ಕಿಂತ ಒಂದು ನಿಮಿಷ ಮುಂಚೆ.

ಪೇಡೆಯ ಪೊಟ್ಟಣ ಹಿಡಿದುಕೊಂಡು ಆಶ್ರಮಕ್ಕೆ ಬಂದವನ ಕಾಲು ನೆಲದ ಮೇಲೆ ಇರಲಿಲ್ಲ.

"ಒಳಗ ಬಂದೆರಿ ಅಜ್ಜಾರ! ಆ ಮನಿಷಾನ ಸಲುವಾಗಿ ಎರಡೂವರೆ ನಿಮಿಷ ಹ್ವಾತು. ಹೋಗ್ಲಿ ಬಿಡ್ರಿ. ಒಂದು ನಿಮಿಷ ಇನ್ನೂ ಉಳೀತು. ಹ್ವಾದ ವರ್ಷ ಅವರು ಗೆರಿ ಸರಿಸಿದ್ದು ಅರ್ಧ ನಿಮಿಷ ಅಷ್ಟ."

"ಅಂವ ಏನಾದ?"

"ಯಾರ್ರಿ?"

"ಬಿದ್ದವ."

"ಗೊತ್ತಿಲ್ರಿ. ದವಾಖಾನಿಗೆ ಒಯ್ದ್ರು."

ಅಜ್ಜ ಪೇಡೆ ಬಾಯಿಗೆ ಹಾಕಿಕೊಂಡರು. "ಸಿಹಿ ಚಲೋ ಐತಿ" ಅಂದರು.

ಫ್ಯಾಕ್ಟರಿಯ ಗೇಟಿನಲ್ಲಿ ಅಡಿವೆಪ್ಪನಿಗೆ ಹಾರ ಹಾಕಿದರು. ನೋಟಿಸ್ ಬೋರ್ಡಿನ ಮೇಲೆ ಅವನ ಹೆಸರು ಬರೆದರು. ಇಷ್ಟು ವರ್ಷದ ನೌಕರಿಯಲ್ಲಿ ಆ ಬೋರ್ಡಿನ ಮೇಲೆ ಅವನ ಹೆಸರು ಬಂದದ್ದು ಅದೇ ಮೊದಲು. ಮನೆಯಲ್ಲಿ ಹೆಂಡತಿ ಹೋಳಿಗೆ ಮಾಡಿದಳು.

ಕೆಲವು ತಿಂಗಳಾದ ಮೇಲೆ, ಅವನು ಹಾಕಿದ್ದ ಅರ್ಜಿಗೆ ಫೋನಿನಲ್ಲಿ ಉತ್ತರ ಬಂತು. ಈ ವರ್ಷ ಅರ್ಜಿಗಳು ವಿಪರೀತ ಬಂದಿವೆ. ಗೆರೆಗಿಂತ ಎರಡು ನಿಮಿಷ ಮುಂಚೆ ಬಂದವರಿಗೆ ಮಾತ್ರ ಅವಕಾಶ. ತಮಗೆ ಅವಕಾಶವಿಲ್ಲ. ತಮ್ಮ ಮುಂದಿನ ಓಟಕ್ಕೆ ಶುಭವಾಗಲಿ.

ಆ ಎರಡೂವರೆ ನಿಮಿಷ ಹೋಗದಿದ್ದರೆ ಅಡಿವೆಪ್ಪ ಮೂರೂವರೆ ನಿಮಿಷ ಮುಂಚೆ ಬಂದಿರುತ್ತಿದ್ದ. ಇದನ್ನು ಲೆಕ್ಕ ಹಾಕಲು ಅವನಿಗೆ ಕಾಗದ ಬೇಕಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹಾರ ಹಾಕಿದವರು, "ಏನೋ ಅಡಿವೆಪ್ಪ, ವಿಮಾನ ಯಾವಾಗ?" ಎಂದು ಕೇಳತೊಡಗಿದರು. ಕೇಳುವವರಲ್ಲಿ ಕೆಲವರಿಗೆ ಸುದ್ದಿ ಗೊತ್ತಿರಲಿಲ್ಲ. ಕೆಲವರಿಗೆ ಗೊತ್ತಿತ್ತು. ಅವನು ಓಡುವುದನ್ನು ಬಿಟ್ಟ.

ಬಹಳ ದಿನಗಳ ಮೇಲೆ ಒಂದು ಸುಳಿವೂ ಕೊಡದೆ ಆಶ್ರಮಕ್ಕೆ ಬಂದು ಮೆಟ್ಟಿಲ ಮೇಲೆ ಕುಳಿತ. ಅಜ್ಜ ನದಿಯಲ್ಲಿ ಪಂಚೆ ಹಿಂಡುತ್ತಿದ್ದರು. ನೀನು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅಡಿವೆಪ್ಪನೇ ಎಲ್ಲವನ್ನೂ ಹೇಳಿದ.

"ಮುಂದಿನ ವರ್ಷ ಐತಲ್ಲ" ಅಂದರು ಅಜ್ಜ.

"ಅದಲ್ರಿ ಅಜ್ಜಾರ. ಸೋತಿದ್ದು ನನಗ ಹೊಸದಲ್ಲ. ಬ್ಯಾರೆ ಒಂದು ಐತಿ. ಹೇಳಾಕ ನಾಚಿಕಿ."

"ಹೇಳು. ಇಲ್ಲಿ ನೀರು ಬಿಟ್ರ ಯಾರಿಲ್ಲ."

"ನಾ ನಿಲ್ಲಬಾರದಿತ್ತು ಅನಸ್ತೈತ್ರಿ." ಅಂದ ಅಡಿವೆಪ್ಪ. "ಕಣ್ಣು ಮುಚ್ಚಿದ್ರ ಆ ಬೆನ್ನ ಕಾಣತೈತಿ. ನೂರು ಮಂದಿ ದಾಟಿ ಹ್ವಾದ್ರು, ನನಗ ಯಾಕ ಬೇಕಿತ್ತು? ಅಂವ ಬಿದ್ರ ಬೀಳಲಿ ಅಂತ ಬಿಡಬೇಕಿತ್ತು. ಅಂವಗ ನಾ ಯಾರು, ನನಗ ಅಂವ ಯಾರು? ಇಂಥಾ ಮಾತು ನನ್ನ ಬಾಯಾಗ ಬರ್ತೈತಲ್ಲ ಅಂತ ನನಗ ಹೇಸಿಕಿ ಆಗತೈತ್ರಿ. ಆದ್ರೂ ಒಳಗ ಇರೋದು ಅದ. ನಾ ಅವನ್ನ ದ್ವೇಷ ಮಾಡಾಕತ್ತೀನಿ."

ಅಜ್ಜ ಪಂಚೆಯನ್ನು ಕೊಡವಿ ಕಲ್ಲಿನ ಮೇಲೆ ಹರವಿದರು.

"ನೀ ಕೊಟ್ಟದ್ದು ಎಷ್ಟು?"

"ಎರಡೂವರೆ ನಿಮಿಷರಿ."

"ಯಾರಿಗೆ ಕೊಟ್ಟಿ?"

"ಆ ಮನಿಷಾಗ."

"ಹಂಗಾದ್ರ ಅವನ ಹತ್ರ ಐತಿ. ಹೋಗಿ ಹೊಳ್ಳಿ ಇಸ್ಕೊಂಡ ಬಾ."

"ಚ್ಯಾಷ್ಟಿ ಮಾಡಬ್ಯಾಡ್ರಿ ಅಜ್ಜಾರ. ಹೊಟ್ಯಾಗ ಬೆಂಕಿ ಬಿದ್ದೈತಿ."

ಅಜ್ಜ ಮೆಟ್ಟಿಲು ಹತ್ತಿ ಬೇವಿನ ಗಿಡದ ಬುಡಕ್ಕೆ ಹೋದರು. ಬಗ್ಗಿ ಅಡಿವೆಪ್ಪನ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬಾಗಿಲ ಹತ್ತಿರ ತಂದು, ಅವುಗಳ ತುದಿ ರಸ್ತೆಯ ಕಡೆ ಬರುವಂತೆ ಜೋಡಿಸಿ ಇಟ್ಟರು.

ಗುರು ಶಿಷ್ಯನ ಚಪ್ಪಲಿ ಮುಟ್ಟುವುದೆಂದರೇನು! ಅಡಿವೆಪ್ಪ ಗಾಬರಿಯಿಂದ ಓಡಿ ಬಂದ. ಇನ್ನು ಅವನಿಗೆ ಹೋಗದೆ ಗತಿಯಿರಲಿಲ್ಲ.

ಗದಗದಲ್ಲಿ ಓಟದವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಸ್ಟೇಡಿಯಮ್ಮಿನ ಹತ್ತಿರ ಒಬ್ಬನನ್ನು ಕೇಳಿದ್ದಕ್ಕೆ ಅವನು ತಕ್ಷಣ ಹೇಳಿದ.

"ಓಡೋವಾಗ ಬಿದ್ದವರೇನ್ರಿ? ದಸ್ತಗೀರ ಸಾಹೇಬ್ರು. ಲಗ್ನಪತ್ರ ಅಚ್ಚು ಹಾಕ್ತಾರ. ಅಗೋ, ಆ ಓಣ್ಯಾಗ ಪ್ರೆಸ್ಸು, ಹಿಂದ ಮನಿ."

ಪ್ರೆಸ್ಸು ಸಣ್ಣದು. ಮಷೀನು ಗಡಗಡ ಅನ್ನುತ್ತಿತ್ತು. ಮಸಿಯ ವಾಸನೆ, ಅರಿಶಿನ ಬಣ್ಣದ ಪತ್ರಿಕೆಗಳ ರಾಶಿ. ಅದರ ನಡುವೆ ಕುಳಿತ ಮನುಷ್ಯನ ಮುಖವನ್ನು ಅಡಿವೆಪ್ಪ ಸರಿಯಾಗಿ ನೋಡಿದ್ದು ಆಗಲೇ. ಗಡ್ಡ ನೆರೆತಿತ್ತು. ಕಣ್ಣ ಕೆಳಗೆ ಬಾವು ಇತ್ತು.

"ಬರ್ರಿ, ಯಾರ ಲಗ್ನಾರಿ?"

"ಲಗ್ನ ಅಲ್ರಿ ಸಾಹೇಬ್ರ. ನಾ ಓಟದವ. ಮಲಪ್ರಭಾ ದಂಡಿ ಕಡೆಯಿಂದ ಬಂದೀನಿ."

ದಸ್ತಗೀರ ಸಾಹೇಬರ ಮುಖ ಅರಳಿತು. ಅವನ ಕಾಲಿನ ಕಡೆ ಒಮ್ಮೆ ನೋಡಿದರು. "ಕಾಲ ಹೇಳತಾವು ಬಿಡ್ರಿ. ಕುಂದರ್ರಿ, ಕುಂದರ್ರಿ." ಒಳಗಿನ ಬಾಗಿಲಿಗೆ ಮುಖ ಮಾಡಿ, "ಎರಡು ಚಾ" ಎಂದು ಕೂಗಿದರು.

ಆಮೇಲೆ ಅರಳಿದ ಮುಖ ಬಾಡಿತು.

"ನನ್ನದು ಎಲ್ಲಾ ಬಂದ್ ಆಗೇತ್ರಿ. ಕಿಡ್ನಿಗೆ ಪೆಟ್ಟು ಬಿದ್ದೈತಿ. ಇನ್ನ ಈ ಜನ್ಮದಾಗ ಅಷ್ಟು ದೂರ ಓಡಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಆ ಸುದ್ದೀನ ಬ್ಯಾಡ ಅಂತ ಫೋನಿನಾಗಿನ ನಮ್ಮ ಗುಂಪಿನಿಂದನೂ ಹೊರಗ ಬಂದೀನಿ."

"ಹೆಂಗಾತ್ರಿ?" ಎಂದು ಅಡಿವೆಪ್ಪ ಕೇಳಿದ.

"ಆ ದೊಡ್ಡ ಓಟಕ್ಕ ಹೋಗಬೇಕಂತ ಹತ್ತು ವರ್ಷದ ಆಸೆ. ಹೊತ್ತು ಕೈಯಾಗಿತ್ರಿ. ಐದು ಕಿಲೋಮೀಟರ್ ಉಳದಿತ್ತು. ಬಿದ್ನಿ. ಬೀಳವರೇನ್ ಕಮ್ಮಿ ಅದಾರೇನ್ರಿ ನಮ್ಮಾಗ? ಬಿದ್ದವ ಏಳ್ತಿದ್ನಿ. ಆದ್ರ ಯಾವನೋ ಒಬ್ಬ ಪುಣ್ಯಾತ್ಮ ಬಂದ ನೋಡ್ರಿ. ತೋಳು ಹಿಡದು ರಸ್ತಾದಿಂದ ಹೊರಗ ಎಳದ. ಬಿಡು ಬಿಡು ಅಂದ್ನಿ, ಬಿಡಲಿಲ್ಲ. ಅವರನ್ನ ಇವರನ್ನ ಕೂಗಿ ಕರದು ನನ್ನ ಹೊರಿಸಿ ಕಳಿಸಿದ. ಹೊತ್ತುಕೊಂಡ ಹ್ವಾದ ಮ್ಯಾಲ ಓಟ ಎಲ್ಲೈತ್ರಿ? ಅಂವ ಬರದಿದ್ರ ತೆವಳಿಕೊಂಡರ ಮುಗಸ್ತಿದ್ನಿ. ಅಂವ ಸಿಕ್ರ ಒಂದ ಮಾತು ಕೇಳಾವ ಅದೀನಿ. ನನ್ನ ಓಟದಾಗ ನಿಂದೇನ ಕೆಲಸ ಅಂತ."

ಅಡಿವೆಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂವರೆ ನಿಮಿಷ ಕೇಳಲು ಬಂದವನ ಹತ್ತಿರ ಪೂರ್ತಿ ಓಟವನ್ನೇ ಕೇಳುವವರು ಕುಳಿತಿದ್ದರು.

ಚಹಾ ಕುಡಿದು ಎದ್ದು ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅಂವ ನಾನ ಅದೀನ್ರಿ ಸಾಹೇಬ್ರ" ಅಂದ.

ದಸ್ತಗೀರ ಸಾಹೇಬರು ಕೈಚಾಚಿ ಮಷೀನು ನಿಲ್ಲಿಸಿದರು.

"ಯಾಕ ಹಿಡದ್ರಿ?"

"ಮೈ ಸುಡ್ತಿತ್ರಿ. ಬೆವರು ಇರಲಿಲ್ಲ."

"ನಾ ಬಿಡು ಅಂದ್ನಲ್ಲ."

"ಅಂದ್ರಿ."

"ಮತ್ತ?"

"ಬಿಡಾಕ ಆಗಲಿಲ್ರಿ."

ಒಳಬಾಗಿಲಲ್ಲಿ ಬಟ್ಟಲಿನ ಸದ್ದಾಯಿತು. ಸಾಹೇಬರ ಹೆಂಡತಿ ಜೈತುನಬಿ ಚಹಾ ಹಿಡಿದುಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚಹಾವನ್ನು ಅಡಿವೆಪ್ಪನ ಮುಂದೆ ಇಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊಸ್ತಿಲಲ್ಲೇ ಕುಳಿತಳು.

"ಅಣ್ಣಾರ, ಇನ್ನ ಸ್ವಲ್ಪ ತಡಾ ಆಗಿದ್ರ ಹೆಣಾ ಒಯ್ಯಬೇಕಿತ್ತು ಅಂತ ಡಾಕ್ಟರ್ ನನ್ನ ಮುಂದ ಹೇಳಿದ್ರು. ಇವರು ದಿನಾ ನಿಮ್ಮನ್ನ ಬೈತಾರ. ನಾ ದಿನಾ ನಿಮ್ಮ ಸಲುವಾಗಿ ದುವಾ ಮಾಡ್ತೀನಿ. ಹೆಸರು ಗೊತ್ತಿರಲಿಲ್ಲ. ಆ ಮನಿಷಾಗ ಒಳ್ಳೇದ ಮಾಡು ಅಂತ ಅಷ್ಟ ಕೇಳ್ತೀನಿ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬೈಲಿ ಬಿಡ್ರಿ ಅಣ್ಣಾರ. ಬೈಯಾಕ ಮನ್ಯಾಗ ಅದಾರಲ್ಲ."

ಸಾಹೇಬರು ತಲೆ ತಗ್ಗಿಸಿ ಮುಂದಿನ ಪತ್ರಿಕೆಗಳನ್ನು ಜೋಡಿಸತೊಡಗಿದರು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದರು. ಆಮೇಲೆ ತಲೆಯೆತ್ತಿದರು. ದನಿ ಬದಲಾಗಿತ್ತು.

"ನಿಮ್ಮ ಓಟ ಏನಾತ್ರಿ?"

ಇದೊಂದು ಮಾತಿಗಾಗಿಯೇ ಅಡಿವೆಪ್ಪ ಬಸ್ಸು ಹತ್ತಿ ಬಂದಿದ್ದ. ಬಸ್ಸಿನಲ್ಲಿ ಉತ್ತರವನ್ನು ಹತ್ತು ಸಲ ಹೇಳಿಕೊಂಡಿದ್ದ. ಈಗ ಬಾಯಿ ತೆರೆದರೆ ಸಾಕಿತ್ತು. ಹೊಸ್ತಿಲಲ್ಲಿ ಕುಳಿತ ಹೆಂಗಸು ಅವನ ಮುಖವನ್ನೇ ನೋಡುತ್ತಿದ್ದಳು.

"ಮುಗಿಸಿದೆರಿ" ಅಂದ.

"ಗೆರಿ ಒಳಗ?"

"ಗೆರಿ ಒಳಗ ಬಂದೆರಿ."

ಸಾಹೇಬರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಮಸಿ ಹತ್ತಿದ ಕೈಗಳು.

"ಅಂದ್ರ ನೀವು ಹೊಂಟ್ರಿ! ಯಾ ಅಲ್ಲಾ, ನನ್ನ ಸಂಗಾಟ ನಿಮ್ಮದೂ ಹಾಳಾತೇನೋ ಅಂತ ಈಗ ಎದಿ ಝಲ್ ಅಂತು. ಒಬ್ಬರರ ಉಳದ್ರಿ. ಹೋಗ್ರಿ, ಓಡಿ ಬರ್ರಿ. ಅಲ್ಲೆ ಒಂದು ಕಿಲೋಮೀಟರ್ ನನ್ನ ಹೆಸರೀಲೆ ಓಡ್ರಿ. ಓಡ್ತೀರಲ್ಲ?"

"ಓಡ್ತೀನ್ರಿ" ಅಂದ ಅಡಿವೆಪ್ಪ. ಆ ಒಂದು ಮಾತು ಹೊರಗೆ ಬರಲು ಅವನಿಗೆ ನಲವತ್ತೆರಡು ಕಿಲೋಮೀಟರಿನ ಉಸಿರು ಬೇಕಾಯಿತು.

ಜೈತುನಬಿಗೆ ಏನು ತಿಳಿಯಿತೋ, ಅವನು ಹೊರಟಾಗ ಓಣಿಯ ತುದಿಯವರೆಗೆ ಹಿಂದೆ ಬಂದು ನಿಂತಳು.

ಮರುದಿನ ನಸುಕಿನಲ್ಲಿ ಅಡಿವೆಪ್ಪ ಆಶ್ರಮಕ್ಕೆ ಬಂದ. ಉಳಿದವರು ಆಗಲೇ ಓಡಿ ದೂರ ಹೋಗಿದ್ದರು. ಅಜ್ಜ ಮೆಟ್ಟಿಲ ಮೇಲೆ ಕುಳಿತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ಕುಳಿತ.

"ಇಸ್ಕೊಂಡ ಬಂದ್ಯಾ?"

"ಇಲ್ರಿ."

"ಕೊಡಂಗಿಲ್ಲ ಅಂದ್ನೇನು?"

"ನಾ ಕೇಳಲಿಲ್ರಿ. ಗಂಡ ಹೆಂಡತಿ ಆ ಎರಡೂವರೆ ನಿಮಿಷದಾಗ ಸಂಸಾರ ಮಾಡಾಕತ್ತಾರ. ಹೆಂಗ ಕೇಳಲಿ?"

ಅಜ್ಜ ತಲೆಯಾಡಿಸಿದರು. ಅಡಿವೆಪ್ಪ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅರ್ಧ ಸತ್ಯ ಹೇಳಿ ಬಂದದ್ದನ್ನೂ ಹೇಳಿದ.

"ಹಂಗಾದ್ರ ಇನ್ನ ಓಡಬೇಕಾತಲ್ಲೋ" ಅಂದರು ಅಜ್ಜ.

"ಓಡಬೇಕ್ರಿ. ಮಾತು ಕೊಟ್ಟೀನಿ. ಈಗ ಇಬ್ಬರದು ಐತಿ ನನ್ನ ಕಾಲ ಮ್ಯಾಲ." ಅಡಿವೆಪ್ಪ ಒಂದು ಮೆಟ್ಟಿಲು ಮೇಲೆ ಸರಿದು ಕುಳಿತ. "ಅದಕ್ಕ ಹೆದರಿಕಿ ಆಗತೈತ್ರಿ ಅಜ್ಜಾರ. ನಿಮ್ಮ ಮುಂದ ಒಂದು ಮಾತು ಮುಚ್ಚಿಟ್ಟೀನಿ."

"ಹೇಳು" ಅಂದರು ಅಜ್ಜ.

"ಅವರು ಬಿದ್ದಾಗ ನಾ ಮೊದಲ ಅವರನ್ನ ನೋಡಲಿಲ್ರಿ. ಕೈಯಾಗಿನ ಗಡಿಯಾರ ನೋಡಿದೆ. ಮೂರೂವರೆ ನಿಮಿಷ ಐತಿ, ಅರ್ಧ ನಿಮಿಷ ಹ್ವಾದ್ರ ನಡೀತೈತಿ ಅಂತ ಲೆಕ್ಕಾ ಹಾಕಿದೆ. ಆಮ್ಯಾಲ ನಿಂತೆ. ಹೊತ್ತು ಇರದಿದ್ರ ನಾನೂ ಎಲ್ಲಾರಂಗ ದಾಟಿ ಹೋಗ್ತಿದ್ದೆ. ಆ ತಾಯಿ ದಿನಾ ದುವಾ ಮಾಡ್ತಾಳ, ಆ ಮನಿಷಾಗ ಒಳ್ಳೇದ ಮಾಡು ಅಂತ. ಆಕಿ ಅನಕೊಂಡ ಮನಿಷಾ ನಾ ಅಲ್ರಿ ಅಜ್ಜಾರ."

ಅವನು ಮುಖ ಮುಚ್ಚಿಕೊಂಡು ಅತ್ತ. ಅಜ್ಜ ಅವನನ್ನು ಅಳಲು ಬಿಟ್ಟರು.

"ವಯಸ್ಸ ಏರಾಕತ್ತೈತಿ, ಮುಂದಿನ ಸಲ ಕೈಯಾಗ ಹೊತ್ತು ಕಮ್ಮಿ ಇರತೈತಿ. ಆಗ ಇನ್ನೊಬ್ಬ ಬಿದ್ರ? ನಾ ಏನ್ ಮಾಡ್ತೀನೋ ನನಗ ಗೊತ್ತಿಲ್ರಿ. ನನ್ನ ಮ್ಯಾಲ ನನಗ ನಂಬಿಕಿ ಇಲ್ಲ."

ನದಿಯ ಆಚೆ ದಂಡೆಯಲ್ಲಿ ಬೆಳಕು ಮೂಡುತ್ತಿತ್ತು. ಕಾಲುವೆಯ ಕಡೆಯಿಂದ ಯಾರೋ ಓಡಿ ಬರುವ ಬೂಟಿನ ಸದ್ದು ಸಣ್ಣಗೆ ಕೇಳಿಸಿತು.

"ಮೊದಲ ಗಡಿಯಾರ ನೋಡಿದಿ" ಅಂದರು ಅಜ್ಜ.

"ಹೌದ್ರಿ."

"ಮತ್ತ ಯಾವಾಗ ನೋಡಿದಿ?"

"ಅವರನ್ನ ಹೊತ್ತುಕೊಂಡ ಹ್ವಾದ್ರಲ್ರಿ, ಆಗ."

"ಅರ್ಧ ನಿಮಿಷ ಅಂತ ಲೆಕ್ಕಾ ಹಾಕಿ ನಿಂತವ ನೀನು. ನಡುವ ಒಮ್ಮೆರ ನೋಡಲಿಲ್ಲೇನು?"

"ಇಲ್ರಿ."

"ಯಾಕ?"

ಅಡಿವೆಪ್ಪ ಇಷ್ಟು ತಿಂಗಳಲ್ಲಿ ತನ್ನನ್ನು ತಾನು ಏನೇನೋ ಕೇಳಿಕೊಂಡಿದ್ದ. ಇದನ್ನು ಕೇಳಿಕೊಂಡಿರಲಿಲ್ಲ. ಆ ರಸ್ತೆ, ಆ ನೆರಳು, ಕೈಯಲ್ಲಿ ಸುಡುತ್ತಿದ್ದ ಆ ಪಾದಗಳನ್ನು ನೆನಪಿಗೆ ತಂದುಕೊಂಡ.

"ನೆನಪ ಆಗಲಿಲ್ರಿ ಅಜ್ಜಾರ."

ಅಜ್ಜ ಅವನ ಬೆನ್ನ ಮೇಲೆ ಕೈಯಿಟ್ಟರು.

"ಅಷ್ಟು ಹೊತ್ತು ನೀ ಚಲೋ ಓಡಿದಿ, ತಮ್ಮಾ."